ಅತ್ತೆ ಕೇಳಿದ ಕೆಂಪು

ಬಳ್ಳಾರಿಯಲ್ಲಿ ಕೂತು ಕೆಂಪು ಬಣ್ಣ ತಯಾರಿಸುತ್ತೇವೆ ಎಂದರೆ ಕೇಳಿದವರು ಮೊದಲು ನಗುತ್ತಿದ್ದರು. ಇಲ್ಲಿ ಅದಿರಿನ ಲಾರಿ ಓಡಾಡುವ ದಾರಿಯ ಗಿಡಗಳು ಕೆಂಪು, ಒಗೆದು ಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪು, ಮೆಣಸಿನಕಾಯಿ ಕಾಲದಲ್ಲಿ ಕುರುಗೋಡಿನ ಕಡೆಯ ಕಣಗಳೆಲ್ಲ ಕೆಂಪು. ಇಷ್ಟಿದ್ದೂ ಸಾಲದೇನು ನಿಮಗೆ ಎಂದು ನನ್ನ ಸೋದರಮಾವ ಒಮ್ಮೆ ಊಟಕ್ಕೆ ಕೂತಾಗ ಕೇಳಿದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಎದ್ದು ಕೈ ತೊಳೆಯಲು ಹೋದೆ. ಉತ್ತರ ಕೊಟ್ಟವಳು ನನ್ನ ಹೆಂಡತಿ.

"ಮಾವಾರ, ಆ ಕೆಂಪು ಮೈಮ್ಯಾಲೆ ಕುಂದರತೈತ್ರಿ. ನಾವು ಮಾಡೂದು ಮೈಯೊಳಗ ಹೋಗೂದು. ಇನ್ನೊಂದು ರೊಟ್ಟಿ ಹಾಕ್ಕೊರ್ರಿ."

ನಾವಿಬ್ಬರೂ ದುಡಿಯುತ್ತಿದ್ದ ಕಂಪನಿಯ ಲ್ಯಾಬು ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಮಹಡಿಯ ಮೇಲಿತ್ತು. ಕೆಳಗೆ ಜೀನ್ಸ್ ಪ್ಯಾಂಟಿನ ಅಂಗಡಿ. ಆಕೆ ಅಲ್ಲಿ ಯೀಸ್ಟಿನ ವಂಶವಾಹಿಗಳನ್ನು ತಿದ್ದುವ ವಿಜ್ಞಾನಿ. ಬೇಕರಿಯವರು ಬ್ರೆಡ್ ಉಬ್ಬಿಸಲು ಹಾಕುತ್ತಾರಲ್ಲ, ಅದೇ ಯೀಸ್ಟು. ನಾನು ಸಿರುಗುಪ್ಪದಲ್ಲಿ, ಒಂದು ಅಕ್ಕಿ ಗಿರಣಿಯ ಪಕ್ಕದ ಶೆಡ್ಡಿನಲ್ಲಿ, ಆಕೆ ತಿದ್ದಿಕೊಟ್ಟ ಯೀಸ್ಟನ್ನು ಸ್ಟೀಲ್ ಟ್ಯಾಂಕುಗಳಲ್ಲಿ ಬೆಳೆಸುವವನು. ಗಿರಣಿಯ ನುಚ್ಚನ್ನು ಬೇಯಿಸಿ, ಅದನ್ನು ಸಿಹಿ ಪಾನಕ ಮಾಡಿ ಟ್ಯಾಂಕಿಗೆ ಬಿಟ್ಟರೆ ಯೀಸ್ಟು ಉಂಡು, ಹುದುಗಿ, ಮೈಯೊಳಗೆ ಕೆಂಪು ತುಂಬಿಕೊಳ್ಳುತ್ತಿತ್ತು. ಆ ಕೆಂಪನ್ನು ಹಿಂಡಿ ತೆಗೆದು ಪುಡಿ ಮಾಡುತ್ತಿದ್ದೆವು. ಅದು ಬರೀ ಬಣ್ಣವಲ್ಲ, ಆಂಟಿಆಕ್ಸಿಡೆಂಟ್. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದೆ, ಕಬ್ಬಿಣಕ್ಕೆ ತುಕ್ಕು ಹತ್ತುತ್ತದೆ. ಮೈಯೊಳಗಿನ ಕೋಶಗಳಿಗೂ ಅಂಥದೇ ಒಂದು ಸವೆತ ಇರುತ್ತದೆ. ಅದನ್ನು ಕೊಂಚ ತಡೆಯುವ ಗುಣ ಈ ಕೆಂಪಿನದು. ಕೊಂಚ ಎಂಬುದನ್ನು ಆಕೆ ಯಾವಾಗಲೂ ಒತ್ತಿ ಹೇಳುತ್ತಿದ್ದಳು. ಮದುವೆ ಮನೆಗಳಲ್ಲಿ ಹೆಂಗಸರು ಸುತ್ತುವರಿದು, ಇದನ್ನು ತಿಂದರೆ ಮುಖ ಹೊಳೆಯುತ್ತದೆಯಂತೆ ಹೌದೇ ಎಂದು ಕೇಳಿದರೆ, "ನನ್ನ ಮುಖ ನೋಡ್ರಿ, ಗೊತ್ತಾಗತೈತಿ" ಎಂದು ನಗುತ್ತಿದ್ದಳು.

ನಮ್ಮ ದೊಡ್ಡ ತಲೆನೋವು ಬೇರೆಯೇ ಇತ್ತು. ಕೆಂಪು ಮಾಡುವುದರಿಂದ ಯೀಸ್ಟಿಗೆ ಯಾವ ಲಾಭವೂ ಇಲ್ಲ. ಉಂಡದ್ದನ್ನೆಲ್ಲ ಬಣ್ಣಕ್ಕೆ ಸುರಿದು ತಾನು ಸೊರಗುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ಹೀಗಾಗಿ ಟ್ಯಾಂಕಿನೊಳಗೆ ಯಾವುದಾದರೂ ಒಂದು ಕೋಶ ಕೆಂಪಿನ ಕೆಲಸ ಕೈಬಿಟ್ಟು ಬರೀ ಉಣ್ಣಲು ಶುರು ಮಾಡಿತೋ, ಅದರ ಸಂತಾನವೇ ಹೆಚ್ಚಿ, ದುಡಿಯುವ ಕೆಂಪಿನವು ಮೂಲೆಗೆ ಸೇರುತ್ತಿದ್ದವು. ಟ್ಯಾಂಕಿನ ಗಾಜಿನ ಕಿಂಡಿಯಲ್ಲಿ ನೋಡಿದರೆ ಕೆಂಪು ಹೋಗಿ ಗುಲಾಬಿ, ಗುಲಾಬಿ ಹೋಗಿ ಅಕ್ಕಿ ತೊಳೆದ ನೀರು. ಕುರುಗೋಡಿನಲ್ಲಿ ಆಕೆಯ ತವರಿನವರು ಮೆಣಸಿನಕಾಯಿ ಬೆಳೆಯುವವರು. ಕಣದಲ್ಲಿ ಬಣ್ಣ ಹೋಗಿ ಬಿಳಿಚಿದ ಕಾಯಿಗೆ ಅವರು ಗಡಿಯಾಚೆಯ ತೆಲುಗಿನ ಮಾತಿನಲ್ಲಿ ತಾಲು ಅನ್ನುತ್ತಾರೆ. ಆಕೆ ಆ ಮಾತನ್ನು ಲ್ಯಾಬಿಗೆ ತಂದಳು. ನಾನು ಸಿರುಗುಪ್ಪದಿಂದ ಫೋನ್ ಮಾಡಿ "ತಾಲು ಬಿತ್ತು" ಎಂದರೆ ಸಾಕು, ಆ ದಿನ ಆಕೆ ಸರಿಯಾಗಿ ಊಟ ಮಾಡುತ್ತಿರಲಿಲ್ಲ.

"ನಿನ್ನ ಯೀಸ್ಟು ನಮ್ಮ ಚಿಕ್ಕಪ್ಪನಂಗ ಐತಿ ಲೇ. ಉಣ್ಣಾಕ ಮುಂದ, ದುಡಿಯಾಕ ಹಿಂದ" ಎಂದು ನಾನು ಕಾಡಿಸುತ್ತಿದ್ದೆ.

"ನಿಮ್ಮ ಮನಿ ಅನ್ನ ಉಂಡು ಹಂಗಾಗೇತ್ರಿ. ಬಳ್ಳಾರಿಯೊಳಗ ಚಲೋನ ಇತ್ತು."

ಕಡೆಗೆ ಆಕೆ ಅದಕ್ಕೊಂದು ಉಪಾಯ ಕಂಡುಕೊಂಡಳು. ಕೆಂಪು ಮಾಡುವ ಕೆಲಸವನ್ನೂ ಬದುಕುವ ಶಕ್ತಿಯನ್ನೂ ಒಂದೇ ಹಗ್ಗದಲ್ಲಿ ಬಿಗಿದಳು. ಕೆಂಪು ಬಿಟ್ಟರೆ ಜೀವವೂ ಇಲ್ಲ. ಆ ಹಗ್ಗ ಬಿಚ್ಚಿಕೊಳ್ಳದಂತೆ ಹಿಡಿದಿಡಲು ಒಂದು ವಸ್ತುವಿನ ಹನಿ ಬೇಕು. ಅದು ಯಾವ ಹೊಲದಲ್ಲೂ ಅಡಿಗೆಮನೆಯಲ್ಲೂ ಸಿಗುವುದಲ್ಲ, ಲ್ಯಾಬಿನಲ್ಲಿ ಮಾಡಿ ನಾವೇ ಹಾಕಬೇಕು. ಹಾಕುವುದು ಬಿಟ್ಟರೆ ಯೀಸ್ಟು ಸ್ವಲ್ಪ ಹೊತ್ತು ಒದ್ದಾಡಿ ಸತ್ತುಹೋಗುತ್ತದೆ. ತಿದ್ದಿದ ಜೀವ ಹೊರಗೆ ಹೋಗಿ ಎಲ್ಲೆಂದರಲ್ಲಿ ಬೆಳೆಯಬಾರದು ಎಂಬ ನಿಯಮಕ್ಕೂ ಇದು ಸರಿಹೋಯಿತು. ಕೆಲಸ ಕೈಗೂಡಿದ ದಿನ ಆಕೆ ಮೈಕ್ರೋಸ್ಕೋಪಿನಿಂದ ತಲೆ ಎತ್ತಿ ಹೇಳಿದ ಮಾತು ನನಗೆ ಹಾಗೇ ನೆನಪಿದೆ.

"ನಾವು ಇಲ್ದ ಇದು ಬದುಕಬಾರದು ನೋಡ್ರಿ. ಹಂಗ ಕಟ್ಟೀನಿ."

ಎಷ್ಟು ಹೆಮ್ಮೆಯಿಂದ ಹೇಳಿದ್ದಳು. ನಾನೂ ಹೆಮ್ಮೆಯಿಂದಲೇ ಕೇಳಿದ್ದೆ. ಅವತ್ತು ಕೆಳಗಿನ ಅಂಗಡಿಯವರಿಗೂ ಮಿರ್ಚಿ ಮಂಡಕ್ಕಿ ಕೊಡಿಸಿದೆವು.

ಅದರ ಮಾರನೆಯ ವಾರ ಕುರುಗೋಡಿಗೆ ಹೋದಾಗ ಆಕೆ ತಾಯಿಗೆ, "ಅವ್ವಾ, ನಾನೊಂದು ಜೀವ ಕಟ್ಟೀನಿ" ಎಂದಳು. ನನ್ನ ಅತ್ತೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದವರು ಕೈ ನಿಲ್ಲಿಸಿ, "ಹೆಣ್ಣೇನು, ಗಂಡೇನು?" ಎಂದು ಕೇಳಿದರು. ಆಕೆ ಬಿದ್ದು ಬಿದ್ದು ನಕ್ಕಳು. ಹೆಣ್ಣೂ ಅಲ್ಲ ಗಂಡೂ ಅಲ್ಲ, ಕಣ್ಣಿಗೆ ಕಾಣುವುದೂ ಇಲ್ಲ, ಕೋಟಿಗಟ್ಟಲೆ ಸೇರಿದರೆ ಕೆಂಪಗೆ ಕಾಣುತ್ತದೆ ಎಂದು ತಿಳಿಸಿ ಹೇಳಿದಳು. ಅತ್ತೆ ತಲೆಯಾಡಿಸಿದರು. ಅವರು ಏನು ತಿಳಿದುಕೊಂಡರೋ ನಮಗೆ ಆಗ ಗೊತ್ತಾಗಲಿಲ್ಲ. ನಮಗೆ ಮಕ್ಕಳಿರಲಿಲ್ಲ. ಅದೇ ನಿಮ್ಮ ಮಗು ಎಂದು ಯಾರಾದರೂ ಸಮಾಧಾನದ ಮಾತಾಡಿದರೆ ಮಾತ್ರ ಆಕೆಗೆ ಉರಿಯುತ್ತಿತ್ತು. ಮಗುವನ್ನು ಯಾರೂ ಟ್ಯಾಂಕಿಗೆ ಹಾಕಿ ಬೆಳೆಸಿ ಹಿಂಡುವುದಿಲ್ಲ, ಸುಮ್ಮನಿರ್ರಿ ಎನ್ನುತ್ತಿದ್ದಳು.

ನಿಯಮದ ವಿಷಯಕ್ಕೆ ಬಂದರೆ ಆಕೆ ಗಂಡನನ್ನೂ ಬಿಡುವವಳಲ್ಲ. ಒಮ್ಮೆ ನಾನು ಲ್ಯಾಬಿನ ಒಳಗಿದ್ದ ಪೆನ್ನನ್ನು ಜೇಬಿಗಿಟ್ಟುಕೊಂಡು ಹೊರಟಿದ್ದೆ. ನನ್ನ ಅಪ್ಪ ಕೊಟ್ಟ ಪೆನ್ನು ಅದು. ಬಾಗಿಲಲ್ಲಿ ಹಿಡಿದು ವಾಪಸು ಇಡಿಸಿದಳು. ಒಳಗಿನದು ಒಳಗೇ ಇರಬೇಕು, ಹೊರಗೆ ಹೋಗುವುದಾದರೆ ಹಬೆಯಲ್ಲಿ ಬೆಂದು, ಸತ್ತು ಹೋಗಬೇಕು ಎಂದಳು. ಪ್ಲಾಸ್ಟಿಕ್ ಪೆನ್ನನ್ನು ಹಬೆಗೆ ಹಾಕಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ನಾನು ಮೂರು ಹೊತ್ತು ಮಾತು ಬಿಟ್ಟಿದ್ದೆ. ಆಕೆ ಅದನ್ನು ಗಮನಿಸಲೂ ಇಲ್ಲ.

ಬಣ್ಣ ನೋಡಿಯೇ ಅನ್ನ ಉಂಡವರು ನಾವಿಬ್ಬರೂ. ಆದರೆ ಆಕೆಯ ಕಣ್ಣಿನ ಬಿಳುಪು ಹಳದಿಗೆ ತಿರುಗಿದ್ದನ್ನು ಮೊದಲು ಕಂಡವರು ಅತ್ತೆ. ಕಾಮಾಲೆ ಇರಬೇಕು ಎಂದರು. ಕಾಮಾಲೆ ಹೌದು, ಆದರೆ ಅದು ಮೇಲಿನದು. ಒಳಗೆ ಮೇದೋಜೀರಕದಲ್ಲಿ ಗಂಟು ಕೂತು ಅದು ಯಕೃತ್ತಿಗೂ ಹಬ್ಬಿತ್ತು. ಬಳ್ಳಾರಿಯ ಡಾಕ್ಟರು ಹೇಳಿದ್ದನ್ನೇ ಹೈದರಾಬಾದಿನವರೂ ಹೇಳಿದರು, ಸ್ವಲ್ಪ ಮೆತ್ತಗೆ ಹೇಳಿದರು ಅಷ್ಟೆ. ಬೇಸಿಗೆಗೆ ಗೊತ್ತಾಗಿ, ಮಳೆಗಾಲದಲ್ಲಿ ಸಿರುಗುಪ್ಪದ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಆಕೆ ಹಾಸಿಗೆ ಹಿಡಿದಿದ್ದಳು.

ಅತ್ತೆ ಬಂದು ನಮ್ಮ ಜೊತೆಗೇ ಇದ್ದರು. ಒಂದು ಮಧ್ಯಾಹ್ನ ಮಗಳಿಗೆ ಗಂಜಿ ಕುಡಿಸುತ್ತ ಕೇಳಿಯೇಬಿಟ್ಟರು.

"ಊರಿಗೆಲ್ಲ ಆ ಕೆಂಪು ಪುಡಿ ಮಾಡಿ ಕೊಡ್ತಿ. ನೀನೂ ಒಂದೀಟು ತಿನ್ನಬಾರದೇನವ್ವ?"

"ಅವ್ವಾ, ಅದು ತುಕ್ಕಿಗೆ. ಇದಕ್ಕಲ್ಲ" ಎಂದಳು ಆಕೆ. ಸ್ವಲ್ಪ ಉಸಿರು ಎಳೆದುಕೊಂಡು, "ಇದಕ್ಕೂ ಆಗ್ತೈತಿ ಅಂತ ಯಾರರ ಮಾರಿದ್ರ ಎದ್ದು ಬಂದು ಬಡೀತೀನಿ" ಎಂದಳು. ಅತ್ತೆ ಗಂಜಿಯ ಬಟ್ಟಲನ್ನು ಕೆಳಗಿಟ್ಟು ಸೆರಗಿನಿಂದ ಆಕೆಯ ಬಾಯಿ ಒರೆಸಿದರು.

ಆಕೆ ಹೋದದ್ದು ಬೆಳಗಿನ ಹೊತ್ತು. ಅದರ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ.

ನಮ್ಮಲ್ಲಿ ಸುಡುವುದಿಲ್ಲ. ಕೂರಿಸಿ ಮಣ್ಣು ಮಾಡುತ್ತೇವೆ. ಕೊಟ್ಟ ಹೆಣ್ಣು ಗಂಡನ ಮನೆಯ ಮಣ್ಣಿಗೇ ಸೇರಬೇಕು, ಹೀಗಾಗಿ ಸಿರುಗುಪ್ಪದಲ್ಲಿ ನಮ್ಮ ಹೊಲದ ಬದುವಿನ ಮೇಲೆ ಕುಣಿ ತೆಗೆಸಿದರು. ಕೈಯಲ್ಲಿ ಲಿಂಗ ಇಟ್ಟು, ವಿಭೂತಿ, ಪತ್ರಿ ಹಾಕಿ, ಪದ್ಮಾಸನದಲ್ಲಿ ಕೂರಿಸಿದೆವು. ಮಣ್ಣು ಎದೆಯ ಮಟ್ಟಕ್ಕೆ ಬರುವ ತನಕ ಯಾರಾದರೂ ಭುಜ ಹಿಡಿದಿರಬೇಕು, ಇಲ್ಲದಿದ್ದರೆ ಮೈ ವಾಲುತ್ತದೆ. ನಾನು ಕುಣಿಯೊಳಗೆ ಇಳಿದು ಹಿಡಿದಿದ್ದೆ. ಕಾಯಿಲೆ ಆಕೆಯನ್ನು ಎಷ್ಟು ಹಗುರ ಮಾಡಿತ್ತೆಂದರೆ ಒಂದು ಕೈ ಸಾಕಿತ್ತು. ಆದರೂ ಎರಡೂ ಕೈ ಹಾಕಿ ಹಿಡಿದಿದ್ದೆ, ಬಿಡು ಎಂದು ಮೇಲಿನಿಂದ ಅಯ್ಯನವರು ಎರಡೆರಡು ಸಲ ಹೇಳಬೇಕಾಯಿತು.

ಮೂರನೆಯ ದಿನ ಎಡೆ ತೋರಿಸಿ ಎಲ್ಲರೂ ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ಪಡಸಾಲೆಗೆ ಕರೆದರು.

"ಅಳಿಯಾರ, ನಿಮ್ಮ ಹತ್ರ ಒಂದು ಬೇಡ್ತೀನಿ. ಇಲ್ಲ ಅನಬ್ಯಾಡ್ರಿ."

"ಹೇಳ್ರಿ ಅತ್ತಿ."

"ಆಕಿ ಇಲ್ಲಿ ಕುಂತಾಳ, ನಿಮ್ಮ ಮಣ್ಣಿನ್ಯಾಗ. ಅದು ಸರಿನ ಐತಿ, ನಾ ಏನೂ ಅನ್ನಾಂಗಿಲ್ಲ. ಆದ್ರ ಕುರುಗೋಡಿನ್ಯಾಗ ನನಗ ಆಕಿದೇನೂ ಉಳೀಲಿಲ್ಲ. ಆಕಿ ಕಟ್ಟಿದ ಜೀವ ಇನ್ನೂ ಬದುಕೇತಂತಲ್ರಿ. ಅದರಾಗ ನನಗೊಂದೀಟು ಕೊಡ್ರಿ. ಹೆಪ್ಪು ಕಾದಂಗ ಕಾಯ್ತೀನಿ. ನಮ್ಮತ್ತಿ ಕೊಟ್ಟ ಹೆಪ್ಪು ಇವತ್ತಿನ ತನಕ ಮುರಿಗೊಟ್ಟಿಲ್ಲ ನಾನು."

ಆಗುವುದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ನೋಡೋಣ ಎಂದೆ. ಅವರು ಅದನ್ನು ಆಯಿತು ಎಂದೇ ತಿಳಿದುಕೊಂಡು ಊರಿಗೆ ಹೋದರು. ಆಮೇಲೆ ಪ್ರತಿ ಸೋಮವಾರ ಗುಡಿಗೆ ಹೋಗಿ ಬಂದು ಫೋನ್ ಮಾಡುತ್ತಿದ್ದರು. ಹೊಸ ಗಡಿಗೆ ತಂದಿದ್ದೇನೆ, ನೀರು ಹಾಕಿ ಪಳಗಿಸುತ್ತಿದ್ದೇನೆ, ಅದಕ್ಕೆ ಬಿಸಿಲು ಆಗುತ್ತದೋ ನೆರಳು ಬೇಕೋ, ಉಪ್ಪು ತಾಗಿದರೆ ನಡೆಯುತ್ತದೋ ಎಂದು ಕೇಳುತ್ತಿದ್ದರು. ನೆರಳು ಬೇಕು ಎಂದು ನಾನು ಹೇಳುತ್ತಿದ್ದೆ. ಅದಂತೂ ನಿಜವೇ ಆಗಿತ್ತು.

ದೀಪಾವಳಿಗೆ ಮುಂಚೆ ಕಂಪನಿಯ ಯಜಮಾನರು ಬಂದರು. ಇದೇ ಕೆಂಪು ಬೇರೆ ಕಡೆ ರಾಸಾಯನಿಕದಿಂದ ಅಗ್ಗವಾಗಿ ಸಿಗುತ್ತಿದೆ, ನಮ್ಮದನ್ನು ಕೊಳ್ಳುವವರಿಲ್ಲ, ಮುಚ್ಚುತ್ತೇನೆ ಎಂದರು. ಆಕೆ ಕಟ್ಟಿದ ತಳಿಯನ್ನಾದರೂ ಯಾವುದಾದರೂ ಸಂಗ್ರಹಕ್ಕೆ ಕಳಿಸಿ ಉಳಿಸೋಣ ಎಂದು ಕೈ ಮುಗಿದು ಕೇಳಿದೆ. ನಾನು ಯಾರಿಗೂ ಕೈ ಮುಗಿಯುವವನಲ್ಲ. ಅವರು ಒಪ್ಪಲಿಲ್ಲ. ಎದುರಾಳಿಗಳ ಕೈಗೆ ಹೋಗುವುದು ಬೇಡ, ನಿಯಮದ ಪ್ರಕಾರ ಎಲ್ಲವನ್ನೂ ನಾಶ ಮಾಡಿಬಿಡಿ ಎಂದರು. ಮಾಡಬೇಕಾದವನು ನಾನೇ, ಆ ಕೆಲಸ ಗೊತ್ತಿದ್ದವರು ಇನ್ನಾರೂ ಉಳಿದಿರಲಿಲ್ಲ.

ಗಾಂಧಿನಗರದ ಲ್ಯಾಬಿನ ಶೀತಪೆಟ್ಟಿಗೆ ತೆರೆದೆ. ಬೆರಳುದ್ದದ ಸೀಸೆಗಳು, ಒಂದೊಂದರ ಮುಚ್ಚಳದ ಮೇಲೂ ಆಕೆ ಹೆಸರಿನ ಬದಲು ಒಂದು ಸಣ್ಣ ಮೆಣಸಿನಕಾಯಿ ಬಿಡಿಸಿದ್ದಳು. ಬಾಲ ಸೊಟ್ಟಗಿರುವ ಕಾಯಿ. ಒಂದನ್ನು ಅಂಗೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ, ಚಳಿಗೆ ಬೆರಳು ಜೋಮು ಹಿಡಿದವು. ಜೇಬಿಗೆ ಹಾಕಿಕೊಂಡರೆ ಕೇಳುವವರು ಯಾರೂ ಇರಲಿಲ್ಲ. ಬಾಗಿಲಲ್ಲಿ ಹಿಡಿದು ನಿಲ್ಲಿಸುವವಳೇ ಇರಲಿಲ್ಲ. ಕುರುಗೋಡಿನಲ್ಲಿ ಗಡಿಗೆ ಕಾಯುತ್ತಿತ್ತು. ಕೊಟ್ಟುಬಿಡೋಣ ಅನ್ನಿಸಿತು, ನಿಜವಾಗಿ ಅನ್ನಿಸಿತು.

ಆದರೆ ಕೊಟ್ಟರೆ ಆಗುವುದೇನು? ಲ್ಯಾಬು ಮುಚ್ಚಿದ ಮೇಲೆ ಆ ಹನಿಯೂ ಸಿಗುವುದಿಲ್ಲ, ಹನಿ ಇಲ್ಲದೆ ಅತ್ತೆಯ ಗಡಿಗೆಯಲ್ಲಿ ಯೀಸ್ಟು ಎರಡು ದಿನವೂ ಬಾಳುವುದಿಲ್ಲ. ಅವರು ಬೆಳಿಗ್ಗೆ ಎದ್ದು ಮುಚ್ಚಳ ತೆಗೆದು ನೋಡುತ್ತಾರೆ, ತಮ್ಮ ಕೈಯಲ್ಲೇ ಸತ್ತಿತು ಅಂದುಕೊಳ್ಳುತ್ತಾರೆ. ಮಗಳನ್ನು ಎರಡು ಸಲ ಕಳೆದುಕೊಳ್ಳುತ್ತಾರೆ, ಎರಡನೆಯ ಸಲ ತಪ್ಪನ್ನು ತಮ್ಮ ಮೇಲೆ ಹೊತ್ತುಕೊಂಡು. ಅದಕ್ಕಿಂತ ನಾನೇ ಕೊಲ್ಲುವುದು ಮೇಲು.

ಹಬೆಯ ಯಂತ್ರ ಅಂದರೆ ಒಂದು ದೊಡ್ಡ ಪ್ರೆಷರ್ ಕುಕ್ಕರು. ಸೀಸೆಗಳನ್ನೂ, ಸಿರುಗುಪ್ಪದಿಂದ ತಂದ ಕಡೆಯ ಟ್ಯಾಂಕಿನ ಕೆಂಪು ಗಸಿಯನ್ನೂ ಅದರೊಳಗಿಟ್ಟು ಮುಚ್ಚಳ ಬಿಗಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗಾದೆ ಮಾಡಿದವನು ಯಾರೋ, ದೊಣ್ಣೆ ಹಿಡಿದವನ ಸಂಕಟ ಅವನಿಗೆ ಗೊತ್ತಿರಲಿಲ್ಲ. ಹಬೆ ಏರುವ ಸದ್ದು ಕೇಳುತ್ತ ನೆಲದ ಮೇಲೆ ಕೂತೆ. ಕೆಳಗಿನ ಅಂಗಡಿಯಲ್ಲಿ ಯಾರೋ ಪ್ಯಾಂಟಿಗೆ ಚೌಕಾಸಿ ಮಾಡುತ್ತಿದ್ದರು.

ತೆಗೆದಾಗ, ಬಿಸಿ ತಿಳಿಯಲೆಂದು ಸೀಸೆಗಳಿಗೆ ಹಚ್ಚಿದ್ದ ಅಂಟುಪಟ್ಟಿಯ ಮೇಲೆ ಕಪ್ಪು ಗೀರು ಮೂಡಿತ್ತು, ಅಂದರೆ ಬಿಸಿ ಸರಿಯಾಗಿ ತಾಗಿದೆ. ಮುಚ್ಚಳಗಳ ಮೇಲಿನ ಮೆಣಸಿನಕಾಯಿಗಳು ಹಬೆಗೆ ಕದಡಿ ಹೋಗಿದ್ದವು. ಇನ್ನೊಂದು ಕೆಲಸ ಉಳಿದಿತ್ತು. ಸತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಸ್ವಲ್ಪ ಗಸಿಯನ್ನು ಆಹಾರ ಹಾಕಿದ ತಟ್ಟೆಯ ಮೇಲೆ ಸವರಿ, ಆ ಹನಿಯನ್ನೂ ಬೆರೆಸಿ, ಬೆಚ್ಚಗಿಟ್ಟು ಕಾಯಬೇಕು. ಏನೂ ಹುಟ್ಟದಿದ್ದರೆ ಕೆಲಸ ಸರಿಯಾಯಿತು ಎಂದು ಅರ್ಥ. ಆ ತಟ್ಟೆ ಇಟ್ಟ ಮೇಲೆ ನಾನು ದಿನವೂ ಬೆಳಿಗ್ಗೆ ಓಡಿ ಹೋಗಿ ನೋಡುತ್ತಿದ್ದೆ. ಕೊಲ್ಲುವುದರಲ್ಲಿ ನನ್ನ ಕೈ ತಪ್ಪಿರಲಿ, ಸಾಸಿವೆಯಷ್ಟು ಒಂದು ಕೆಂಪು ಚುಕ್ಕೆ ಕಾಣಲಿ ಎಂದು ಬೇಡಿಕೊಂಡೆ. ಕಂಡರೆ ಏನು ಮಾಡುತ್ತಿದ್ದೆ ಗೊತ್ತಿಲ್ಲ. ಕಾಣಲಿಲ್ಲ. ನಾನು ಕೆಲಸ ಕೆಡಿಸುವವನಲ್ಲ, ಅವತ್ತಾದರೂ ಕೆಡಿಸಬಾರದಿತ್ತೇ.

ಸತ್ತದ್ದನ್ನು ಹೊರಗೆ ಒಯ್ಯಲು ಅಡ್ಡಿಯಿಲ್ಲ, ಅದು ಬರೀ ಗೊಬ್ಬರಕ್ಕೆ ಸಮ. ಆ ಗಸಿಯನ್ನು ಸೋಸಿ, ಒಣಗಿಸಿ, ಒಂದು ಡಬ್ಬಿಗೆ ಹಾಕಿದೆ. ಬೆಂದರೂ ಬಣ್ಣ ಹೋಗಿರಲಿಲ್ಲ. ಸ್ವಲ್ಪ ಇಟ್ಟಿಗೆಯ ಕಡೆಗೆ ತಿರುಗಿತ್ತು ಅಷ್ಟೆ.

ನಾನು ಕುರುಗೋಡಿಗೆ ಹೋದಾಗ ಕಣದ ತುಂಬ ಕಾಯಿ ಹರವಿದ್ದರು. ಅತ್ತೆ ನನ್ನ ಕೈಯಲ್ಲಿ ಡಬ್ಬಿ ಕಂಡವರೇ ಒಳಗೆ ಹೋಗಿ ಗಡಿಗೆ ತಂದರು. ಚಿಕ್ಕ ಕರಿ ಗಡಿಗೆ, ಬಾಯಿಗೆ ತೊಳೆದ ಬಿಳಿ ಬಟ್ಟೆ. ನೀರಿನ ಕೊಡಗಳ ಪಕ್ಕ ತಂಪಿನಲ್ಲಿ ಅದಕ್ಕೊಂದು ಸಿಂಬೆಯನ್ನೂ ಮಾಡಿಟ್ಟಿದ್ದರು. ಅದನ್ನು ನೋಡಿ ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ.

ಅವರು ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಬೆರಳಿನಿಂದ ಸ್ವಲ್ಪ ಮುಟ್ಟಿದರು.

"ಜೀವ ಐತೇನ್ರಿ?"

"ಇಲ್ರಿ ಅತ್ತಿ."

ನಾನು ಎಲ್ಲವನ್ನೂ ಹೇಳಿದೆ. ಮುಚ್ಚಿದ್ದು, ನಾನೇ ಹಬೆಗೆ ಇಟ್ಟದ್ದು, ತಟ್ಟೆಯ ಮೇಲೆ ಏನೂ ಹುಟ್ಟದೆ ಹೋದದ್ದು. ಜೀವಂತ ತಂದುಕೊಟ್ಟಿದ್ದರೂ ನಿಮ್ಮ ಹತ್ತಿರ ಉಳಿಯುತ್ತಿರಲಿಲ್ಲ ಎಂದೆ. "ಆಕಿನ ಹಂಗ ಕಟ್ಟಿದ್ಲು ಅತ್ತಿ. ನಾವು ಇಲ್ದ ಅದು ಬದುಕಬಾರದು ಅಂತ."

ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು.

"ಆಕಿ ಇಲ್ದ ಅದಕ್ಕ ಬದುಕಾಕ ಬರಲಿಲ್ಲ" ಎಂದರು. "ನಮಗ ಬರಾಕತ್ತೈತಿ ನೋಡ್ರಿ. ಇವತ್ತೂ ಉಂಡೀನಿ."

ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. "ಸತ್ತೈತಿ ಅಂದ ಮ್ಯಾಲೆ ಮಣ್ಣು ಮಾಡಬೇಕಲ್ರಿ. ಕುರ್ಪಿ ತಗೊಳ್ರಿ."

ಕಣದ ಅಂಚಿನಲ್ಲಿ ಬೇವಿನ ಗಿಡದ ಕೆಳಗೆ ನಾನು ಅಗೆದೆ. ಅವರು ಪುಡಿಯನ್ನು ಗಡಿಗೆಗೆ ಸುರಿದು, ವಿಭೂತಿ ಹಚ್ಚಿ, ಮನೆಯ ಪೂಜೆಯಿಂದ ತಂದ ಬಿಲ್ವಪತ್ರಿ ಹಾಕಿ ಬಟ್ಟೆ ಕಟ್ಟಿದರು. ಕುಣಿಯಲ್ಲಿಟ್ಟರೆ ಗಡಿಗೆ ನಿಲ್ಲಲಿಲ್ಲ. ತಳ ದುಂಡಗೆ, ಒಂದು ಕಡೆ ವಾಲಿತು. ನಾನು ಅದನ್ನು ಹಾಗೇ ಅಡ್ಡ ಮಲಗಿಸಲು ಹೋದೆ.

"ಮಲಗಸಬ್ಯಾಡ್ರಿ" ಎಂದರು ಅತ್ತೆ. "ಕುಂದ್ರಸ್ರಿ."

ನಾನು ಮೊಣಕಾಲೂರಿ ಗಡಿಗೆಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದೆ. ಅವರು ಹಿಡಿ ಹಿಡಿಯಾಗಿ ಮಣ್ಣು ಹಾಕಿ ಸುತ್ತ ಒತ್ತುತ್ತ ಬಂದರು. ಮಣ್ಣು ಗಡಿಗೆಯ ಕೊರಳಿಗೆ ಬಂತು. ಬಿಡ್ರಿ, ಇನ್ನು ನಿಲ್ಲುತ್ತದೆ ಎಂದರು. ನನಗೆ ಬಿಡಲಾಗಲಿಲ್ಲ. ಅವರು ನನ್ನ ಕೈಗಳ ಮೇಲೇ ಇನ್ನೊಂದು ಹಿಡಿ ಮಣ್ಣು ಹಾಕಿ, ಪಕ್ಕದಲ್ಲಿ ಕೂತರು.